ಓರೆ ಬೀದಿಯ ಮೇಜುಗಳು

ಮೆನಿಲ್‌ಮೊಂತಾಂ ಬೀದಿ ಇಳಿಜಾರು.
ಬೆಳಗ್ಗೆ ಆರೂವರೆಗೆ ಕುರ್ಚಿ ಬಿಡಿಸುತ್ತೇನೆ,
ಹದಿನೆಂಟು, ಎಲ್ಲವೂ ಹಸಿರು,
ತಟ್, ತಟ್, ತಟ್.
ಮೂರನೇ ಮಹಡಿಯ ಒದೀಲ್ ಈ ಸದ್ದಿಗೇ ಏಳುವುದಂತೆ,
ಗಡಿಯಾರ ಮಾರಿಬಿಟ್ಟಿದ್ದಾಳೆ.

ಕಬ್ಬಿಣದ ಎಲುಬು, ಮರದ ಪಟ್ಟಿಯ ಪಕ್ಕೆ.
ಮಡಚಿದರೆ ಒಂದು ಕಂಕುಳಿಗೆ ನಾಲ್ಕು.
ಬಿಡಿಸಿದರೆ
ಒಬ್ಬೊಬ್ಬರಿಗೂ ಒಂದೊಂದು ಜಹಗೀರು.

ಯಜಮಾನಿ ಉರ್ಸುಲ್ ವೈಸಾದ್ ಹೇಳುತ್ತಾಳೆ:
ಮುತ್ತಜ್ಜ ಅವೆರೋಂ ಬೆಟ್ಟ ಇಳಿದು ಬಂದವನು,
ಬೆನ್ನಿಗೆ ಇದ್ದಿಲ ಚೀಲ ಹೊತ್ತು
ಪ್ಯಾರಿಸ್ಸಿನ ಆರಾರು ಮಹಡಿ ಹತ್ತಿದವನು.
ಕೆಳಗೆ ಅಂಗಡಿಯಲ್ಲಿ ಅವನ ಹೆಂಡತಿ
ಒಂದು ಕೈಲಿ ಇದ್ದಿಲು ತೂಗಿ
ಇನ್ನೊಂದರಲ್ಲಿ ವೈನು ಅಳೆದಳು.
ಲೋಟದ ಮೇಲೆ ಕಪ್ಪು ಬೆರಳಚ್ಚು.
ಯಾರೂ ಮುಖ ಸಿಂಡರಿಸಲಿಲ್ಲ,
ಕುಡಿಯುವವರ ಬೆರಳೂ ಅದೇ ಬಣ್ಣ.
ನಿಂತೇ ಕುಡಿದರು, ನಿಂತೇ ಜಗಳಾಡಿದರು.
ಕೂರುವುದು ಕುರ್ಚಿಯಿದ್ದವರ ಕೆಲಸ.

ಆಮೇಲೆ ಬಂತು ಈ ಮಡಚುವ ಕುರ್ಚಿ.
ಬೀದಿ ಸರಕಾರದ್ದು, ಅಲ್ಲಿ ಬೇರು ಬಿಡುವಂತಿಲ್ಲ.
ಬೇರೇ ಇಲ್ಲದ ಕುರ್ಚಿಗೆ ಯಾವ ಕಾಯಿದೆ?
ಮೂಲೆಯಲ್ಲಿ ಪೊಲೀಸಿನವನ ಟೊಪ್ಪಿ ಕಂಡರೆ
ಹತ್ತು ಎಣಿಸುವುದರೊಳಗೆ ಬೀದಿ ಬೋಳು,
ಗಿರಾಕಿಗಳು ಲೋಟ ಹಿಡಿದು
ಮೋಡ ನೋಡುತ್ತ ನಿಂತಿರುತ್ತಿದ್ದರಂತೆ.
ನಿಜವೋ ಸುಳ್ಳೋ. ಹೇಳಿದ ಸಲವೆಲ್ಲ
ಉರ್ಸುಲ್‌ಳ ಪೊಲೀಸು ಒಂದಿಷ್ಟು ದಪ್ಪಗಾಗುತ್ತಾನೆ.

ಮೇಜು ಮಡಚುವ ಜಾತಿಯಲ್ಲ.
ಎರಕದ ನಾಲ್ಕು ಪಾದ, ಮೇಲೆ ದುಂಡು ಅಮೃತಶಿಲೆ,
ಮೊರದಷ್ಟು ಅಗಲ.
ಎರಡು ಬಟ್ಟಲು, ಒಂದು ಬೂದಿತಟ್ಟೆ, ಒಂದು ಸುಳ್ಳು,
ಇಷ್ಟಕ್ಕೇ ಜಾಗ.
ಮೇಜಿದ್ದಷ್ಟು ಮೊಣಕೈ ಚಾಚು.
ಮುನಿಸಿಕೊಂಡು ಬಂದ ಜೋಡಿಯ ಮೊಣಕಾಲುಗಳು
ಕೆಳಗೆ ತಾಗದೆ ವಿಧಿಯಿಲ್ಲ.
ಎಷ್ಟೋ ವಿಚ್ಛೇದನ ಇಲ್ಲಿ ಅರ್ಧಕ್ಕೆ ನಿಂತಿವೆ.
ಎಷ್ಟೋ ಇಲ್ಲೇ ಶುರುವಾಗಿವೆ,
ಬೇರೊಂದು ಮೊಣಕಾಲಿನಿಂದ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರಲ್ಲ,
ಗಾತಿಯೆಂ ಮುದುಕನನ್ನು ನೋಡಿಲ್ಲ ಅವರು.
ಒಂದು ಎಸ್ಪ್ರೆಸೊಗೆ ಮೂರು ಗಂಟೆ ಕೂರುತ್ತಾನೆ,
ಎದುರಿಗೆ ಯಾರೂ ಇಲ್ಲ, ಬೀದಿಯಿದೆ.
ಎಲ್ಲ ಕುರ್ಚಿಯೂ ಬೀದಿಗೇ ಮುಖ ಇಲ್ಲಿ,
ನಾಟಕ ಮುಗಿಯುವ ಲಕ್ಷಣವಿಲ್ಲ.

ಓರೆ ಬೀದಿಯಲ್ಲಿ ಒಂದೊಂದು ಮೇಜಿಗೂ
ಒಂದೊಂದು ಕುಂಟು.
ಹಳೆಯ ಮೆಟ್ರೊ ಟಿಕೆಟ್ಟು ಮಡಚಿ ಕಾಲಡಿ ಇಡುತ್ತಿದ್ದೆ,
ಐದನೆಯದಕ್ಕೆ ಎರಡು ಮಡಿಕೆ, ಒಂಬತ್ತನೆಯದಕ್ಕೆ ನಾಲ್ಕು.
ಈಗ ಎಲ್ಲರ ಟಿಕೆಟ್ಟೂ ಫೋನಿನಲ್ಲಿ.
ಬಾಟಲಿಯ ಬಿರಡೆ ಹೆರೆದು ಇಡುತ್ತಿದ್ದೇನೆ.

ಹಾಗೆ ಒಂದು ಮಂಗಳವಾರ, ಗಿರಾಕಿಗಳಿಲ್ಲದ ಹೊತ್ತು,
ಒಂಬತ್ತನೆಯ ಮೇಜು ಬೋರಲು ಹಾಕಿದೆ.
ಕಲ್ಲಿನ ಅಡಿಯಲ್ಲಿ, ಒಣಗಿದ ಚ್ಯೂಯಿಂಗ್ ಗಮ್ಮಿನ ನಡುವೆ
ಉಳಿ ಕೆತ್ತಿದ ಅಕ್ಷರ:
…ಫ್ರೋಸಿನ್. ಪ್ರೀತಿಯ ತಂಗಿ. ಸಾವಿರದ ಎಂಟುನೂರ…
ಆಚೆಗೆ ಇಲ್ಲ. ದುಂಡಗೆ ಕತ್ತರಿಸುವಾಗ
ಹೆಸರಿನ ತಲೆ, ವರ್ಷದ ಬಾಲ
ಎರಡೂ ಹೋಗಿವೆ.

ಯೂಫ್ರೋಸಿನ್ ಇರಬೇಕು.
ಬೆರಳಾಡಿಸಿದೆ. ತಣ್ಣಗಿತ್ತು, ಎಲ್ಲ ಅಮೃತಶಿಲೆಯ ಹಾಗೆ.
ಉರ್ಸುಲ್ ಬಂದು ಬಗ್ಗಿ ನೋಡಿ,
"ಅಜ್ಜನಿಗೆ ಅಗ್ಗಕ್ಕೆ ಸಿಕ್ಕಿದ ಕಲ್ಲು" ಅಂದಳು,
ಚಿಲ್ಲರೆ ಎಣಿಸಲು ಒಳಗೆ ಹೋದಳು.

ಮೇಜು ಎತ್ತಿ ನಿಲ್ಲಿಸಿದೆ. ಬಿರಡೆ ಇಟ್ಟೆ.
ಅಂದಿನಿಂದ ಅದನ್ನೇ ಮೊದಲು ಒರೆಸುವುದು,
ಕಾರಣ ಕೇಳಬೇಡಿ.
ಎಷ್ಟು ಗುಟ್ಟು ಕೇಳಿದ್ದಾಳೋ, ಮುಖ ಕೆಳಗೆ ಮಾಡಿ,
ಎಷ್ಟು ಮೊಣಕಾಲು ಕಂಡಿದ್ದಾಳೋ.

ನಿನ್ನೆ ಸಂಜೆ, ಮಳೆ ನಿಂತಮೇಲೆ, ಒಬ್ಬ ಹುಡುಗ
ಒದ್ದೆ ಕುರ್ಚಿಯ ಬೆನ್ನು ಹಿಡಿದು ಕೇಳಿದ,
"ಮೊಕ್ರಾನ್, ಇಲ್ಲಿ ಯಾರಾದರೂ ಇದ್ದಾರಾ?"
ಇದ್ದಾರೆ, ಅಂದೆ. ಪರವಾಗಿಲ್ಲ, ಕೂತ್ಕೊ.
ಕಾಫಿ ತಾನೆ?